ಗುಜರಿಯಲ್ಲಿ ಸಿಕ್ಕ ಅರ್ಧ ಅಶ್ವಶಕ್ತಿ

ಹುಬ್ಬಳ್ಳಿಗೆ ಬಂದವರು ಏನೇನು ನೋಡುತ್ತಾರೆಂಬುದು ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ಸಿದ್ಧಾರೂಢ ಮಠ, ಮಧ್ಯಾಹ್ನ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ಇಳಿಹೊತ್ತಿಗೆ ನೃಪತುಂಗ ಬೆಟ್ಟ, ಕತ್ತಲಾದ ಮೇಲೆ ದುರ್ಗದ ಬೈಲಿನಲ್ಲಿ ಗಿರ್ಮಿಟ್ಟು, ಮಿರ್ಚಿ. ರೈಲಿನಲ್ಲಿ ಬಂದವರಾದರೆ 2023ರಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ತುದಿ ಕಾಣದೆ ಬೆರಗಾಗುತ್ತಾರೆ. ಆದರೆ ಇದೇ ಊರಿಗೆ ಹಳೆಯ ಮೋಟಾರು ಹುಡುಕಿಕೊಂಡು ಬರುವವರೂ ಇದ್ದಾರೆ. ಅವರು ಕಾಣುವ ಹುಬ್ಬಳ್ಳಿಯೇ ಬೇರೆ. ಅಲ್ಲಿ ಗುಡಿಯ ಗಂಟೆಯ ಬದಲು ಸುತ್ತಿಗೆಯ ಸದ್ದು, ಊದುಬತ್ತಿಯ ಬದಲು ಬಿಸಿ ವಾರ್ನಿಷ್ಷಿನ ವಾಸನೆ.

ಮಳೆಗಾಲದ ಒಂದು ಬೆಳಿಗ್ಗೆ ಧಾರವಾಡದಿಂದ ಬಂದ ಚಿಗರಿ ಬಸ್ಸಿನಿಂದ ಇಬ್ಬರು ಇಳಿದರು. ಒಬ್ಬರು ಅರವತ್ತು ದಾಟಿದ ಪತ್ತಾರರು. ನಲವತ್ತು ವರ್ಷ ಬಂಗಾರದ ಕೆಲಸ ಮಾಡಿದವರು. ಇನ್ನೊಬ್ಬ ಅವರ ತಂಗಿಯ ಮಗ, ಐಟಿಐ ಕಲಿತ ಹುಡುಗ. ಪತ್ತಾರರ ಅಂಗಿಯ ಒಳಜೇಬಿನಲ್ಲಿ ಮೂರು ಸಾವಿರ ರೂಪಾಯಿ, ಹೆಗಲ ಚೀಲದಲ್ಲಿ ಅಂಗೈಯಷ್ಟು ದೊಡ್ಡದಾದ ನಾಲ್ಕು ಕಲ್ಲು.

ಅಚ್ಚಿನಲ್ಲಿ ಎರಕ ಹೊಯ್ದ ಒಡವೆಗಳು ಅಂಗಡಿ ತುಂಬಿದ ಮೇಲೆ ಕೈಕೆಲಸದ ಪತ್ತಾರರನ್ನು ಕೇಳುವವರು ಕಡಿಮೆಯಾದರು. ಕಣ್ಣೂ ಮೊದಲಿನಂತಿಲ್ಲ. ಸಣ್ಣ ಬೆಸುಗೆ ಕಾಣುವುದಿಲ್ಲ. ಆದರೆ ಕಲ್ಲಿಗೆ ಸಾಣೆ ಹಿಡಿದು ಉಂಗುರಕ್ಕೆ, ಪದಕಕ್ಕೆ ಹೊಂದುವ ಗುಬ್ಬಿಹರಳು ಮಾಡುವುದು ಬೆರಳಿನ ಸ್ಪರ್ಶದ ಕೆಲಸ. ಅದನ್ನು ಇನ್ನೂ ಹತ್ತು ವರ್ಷ ಮಾಡಬಹುದೆಂಬ ಧೈರ್ಯ ಅವರಿಗೆ. ಅದಕ್ಕೆ ಬೇಕಾದದ್ದು ಒಂದು ಸಾಣೆಚಕ್ರ. ಚಕ್ರಕ್ಕೆ ಬೇಕಾದದ್ದು ಒಂದು ಮೋಟಾರು.

ಮೊದಲ ಪ್ರಯತ್ನ ಮನೆಯಲ್ಲೇ ನಡೆದು ಸೋತಿತ್ತು. ಕೆಟ್ಟ ಮಿಕ್ಸಿಯ ಮೋಟಾರಿಗೆ ಸಣ್ಣ ಚಕ್ರ ಕೂರಿಸಿ ಒಣಗಲ್ಲನ್ನೇ ತಿಕ್ಕಿದ್ದರು. ಒಂದು ವಾರ ಕೆಂಪು ಧೂಳು ಮನೆ ತುಂಬಿತು. ಎರಡನೆಯ ವಾರ ಮೋಟಾರು ಹೊಗೆಯಾಡಿ ಸತ್ತಿತು. ಮೂರನೆಯ ವಾರ ಪತ್ತಾರರ ಕೆಮ್ಮು ನಿಲ್ಲದೆ ಡಾಕ್ಟರರ ಬಳಿ ಹೋಗಬೇಕಾಯಿತು. "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿ ತಿಳಿದ ಡಾಕ್ಟರರು ಔಷಧದ ಚೀಟಿಗಿಂತ ಮೊದಲು ಒಂದು ಮಾತು ಹೇಳಿದರು: "ಧೂಳು ನುಂಗೋದು ನಿಲ್ಲಸ್ರಿ. ಇಲ್ಲಾ, ಕೆಲಸಾನ ನಿಲ್ಲಸ್ರಿ."

ಹೀಗೆ ಮೋಟಾರಿನ ಹುಡುಕಾಟ ಬರೀ ದುಡ್ಡಿನ ಪ್ರಶ್ನೆಯಾಗಿ ಉಳಿಯಲಿಲ್ಲ.

ಧಾರವಾಡದ ಹೆಸರಿನ ಕಲ್ಲು

ಧಾರವಾಡದವರು ಕಲ್ಲಿನ ಹಿಂದೆ ಬೀಳುವುದರಲ್ಲಿ ಒಂದು ಔಚಿತ್ಯವೂ ಇದೆ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಊರು ಪೇಢೆಯಿಂದ ಪ್ರಸಿದ್ಧವಲ್ಲ, ಕಲ್ಲಿನಿಂದ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯ ಪುರಾತನ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಈ ಶಿಲಾಸಮೂಹದಲ್ಲಿ ಕಬ್ಬಿಣದ ಅದಿರು ಮತ್ತು ಕೆಂಪು ಜಾಸ್ಪರ್ ಪದರ ಪದರವಾಗಿ ಕೂತ ಪಟ್ಟೆಗಲ್ಲು ಸಿಗುತ್ತದೆ. ಸೊಂಡೂರಿನ ಬೆಟ್ಟಸಾಲು, ಗದುಗಿನ ಕಪ್ಪತಗುಡ್ಡ ಇಂಥ ಪಟ್ಟೆಗಲ್ಲಿನ ತವರು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಗಿದೆ. ಅಲ್ಲಿಂದ ಕಲ್ಲು ಎತ್ತಿ ತರುವಂತಿಲ್ಲ. ಉತ್ತರಕ್ಕೆ ಹೋದರೆ ದಖ್ಖನದ ಕಪ್ಪುಶಿಲೆಯಿಂದ ಕಳಚಿ ಬಂದ ಅಗೇಟ್ ಹರಳುಗಳು ಕೃಷ್ಣಾ ನದಿಯ ಗರಸಿನಲ್ಲಿ ಬೆರೆತಿರುತ್ತವೆ. ಪತ್ತಾರರ ಚೀಲದಲ್ಲಿದ್ದ ಕಲ್ಲುಗಳು ಬೀಗರೊಬ್ಬರು ತಮ್ಮ ಹೊಲದ ಬದುವಿನಿಂದ ಆರಿಸಿ ಕೊಟ್ಟವು.

ಇದೇ ನಾಡಿನ ಲಕ್ಕುಂಡಿಯಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ ಶಿಲ್ಪಿಗಳು ಕಂಬಗಳನ್ನು ಬುಗುರಿಯಂತೆ ತಿರುಗಿಸಿ ನುಣುಪು ಮಾಡಿದರು. ಆಗ ಮೋಟಾರು ಎಲ್ಲಿತ್ತು? ಇರಲಿಲ್ಲ. ಆದರೆ ಅವರು ಆರಿಸಿಕೊಂಡದ್ದು ಬಳಪದ ಜಾತಿಯ ಮೆದುಗಲ್ಲು. ಅದರ ಮೇಲೆ ಚಾಕುವಿನಿಂದಲೂ ಗೀರಬಹುದು. ಜಾಸ್ಪರ್, ಅಗೇಟ್ ಹಾಗಲ್ಲ. ಗಡಸುತನದ ಅಳತೆಯಲ್ಲಿ ವಜ್ರ 10 ಎಂದರೆ ಇವು 7ರ ಆಸುಪಾಸು. ಚಾಕುವಿನ ಉಕ್ಕು ಐದೂವರೆ. ಚಾಕು ಗೀರಿದರೆ ಕಲ್ಲಿನ ಮೇಲೆ ಚಾಕುವಿನ ಗುರುತೇ ಉಳಿಯುತ್ತದೆ. ಇಂಥ ಕಲ್ಲನ್ನು ಸವೆಸಲು ಸಿಲಿಕಾನ್ ಕಾರ್ಬೈಡಿನ ಚಕ್ರ ಬೇಕು. ಆ ಚಕ್ರ ಗಂಟೆಗಟ್ಟಲೆ ಒಂದೇ ಗತಿಯಲ್ಲಿ ತಿರುಗುತ್ತಿರಬೇಕು.

ಮೋಟಾರಿನ ಊರು

ಹಳೆಯ ಮೋಟಾರಿಗೆ ಹುಬ್ಬಳ್ಳಿಗೇ ಏಕೆ ಬರಬೇಕು? ಇದಕ್ಕೆ ಉತ್ತರ ಊರಿನ ಚರಿತ್ರೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಇಲ್ಲಿ ವರ್ಕ್‌ಶಾಪು ತೆರೆದಾಗಿನಿಂದ ಫಿಟ್ಟರು, ಟರ್ನರು, ವೆಲ್ಡರುಗಳ ತಲೆಮಾರುಗಳೇ ಇಲ್ಲಿ ಬೆಳೆದಿವೆ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಲೇತುಗಳ ಸದ್ದಿದೆ. ಅದೇ ರಸ್ತೆಯಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದೆ. ಧಾರವಾಡದ ದಾರಿಯ ರಾಯಾಪುರದಲ್ಲಿ ಎನ್‌ಜಿಇಎಫ್ ಹೆಸರಿನ ಸರಕಾರಿ ಕಾರ್ಖಾನೆ ಬಂತು. ಕಿರ್ಲೋಸ್ಕರ್ ಎಂಬ ಹೆಸರಿನ ಬೇರು ಕೂಡ ದೂರದ್ದಲ್ಲ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರು ಮಾಡಿ ಕಬ್ಬಿಣದ ನೇಗಿಲಿಗೆ, 1910ರಲ್ಲಿ ಕಿರ್ಲೋಸ್ಕರವಾಡಿಗೆ ಮುಟ್ಟಿದರು. ಅದೇ ಮನೆತನ 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಂಪನಿ ಕಟ್ಟಿತು.

ಮೋಟಾರು ಇದ್ದಲ್ಲಿ ಸುಟ್ಟ ಮೋಟಾರೂ ಇರುತ್ತದೆ. ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಎಣ್ಣೆಗಾಣ, ಹೊಟೇಲು — ಎಲ್ಲ ಕಡೆಯ ಸುಟ್ಟ ಮೋಟಾರುಗಳು ಅವಳಿ ನಗರದ ವೈಂಡಿಂಗ್ ಅಂಗಡಿಗಳಿಗೆ ಬಂದು ಸೇರುತ್ತವೆ. ಜೀವ ಬಂದವು ಮರಳಿ ಹೋಗುತ್ತವೆ. ವಾರಸುದಾರರು ಬಾರದವು ಮೂಲೆ ಹಿಡಿಯುತ್ತವೆ, ಅಲ್ಲಿಂದ ಗುಜರಿಗೆ. ಗುಜರಿಯವನಿಗೆ ಮೋಟಾರೆಂದರೆ ಇಷ್ಟು ಕಿಲೋ ತಾಮ್ರ, ಇಷ್ಟು ಕಿಲೋ ಬೀಡು. ಅದರೊಳಗೆ ಇನ್ನೂ ಉಸಿರಿದೆಯೇ ಎಂದು ನೋಡುವ ಕೆಲಸ ಕೊಳ್ಳುವವನದು.

ಹಣೆಬರಹ ಓದುವ ಕಲೆ

ಮನುಷ್ಯನ ಹಣೆಬರಹ ಓದಲು ಬಾರದು, ಮೋಟಾರಿನದು ಬರುತ್ತದೆ. ಅದರ ಮೈಮೇಲಿನ ತಗಡಿನ ಫಲಕದಲ್ಲಿ ಎಲ್ಲವೂ ಬರೆದಿರುತ್ತದೆ: ಎಷ್ಟು ಅಶ್ವಶಕ್ತಿ, ಎಷ್ಟು ವೋಲ್ಟು, ಎಷ್ಟು ಫೇಸು, ನಿಮಿಷಕ್ಕೆ ಎಷ್ಟು ಸುತ್ತು. ಹುಡುಗ ಹಳೆಯ ಬ್ರಶ್ಶಿನಿಂದ ಜಿಡ್ಡು ಉಜ್ಜಿ ಒಂದೊಂದೇ ಫಲಕ ಓದುತ್ತ ಹೋದ.

ಮೊದಲು ಕಂಡದ್ದು ನೀರೆತ್ತುವ ಮೋನೋಬ್ಲಾಕ್ ಪಂಪು. ಅಗ್ಗ, ಗಟ್ಟಿಮುಟ್ಟು. ಆದರೆ ಅದರಲ್ಲಿ ಮೋಟಾರು, ಪಂಪು ಎರಡಕ್ಕೂ ಒಂದೇ ಶಾಫ್ಟು. ಪಂಪು ಬಿಚ್ಚಿದರೆ ಪುಲ್ಲಿ ಹಾಕಲು ಸರಿಯಾದ ತುದಿಯೇ ಉಳಿಯದು. ಎರಡನೆಯದು ಮಗ್ಗದ ಮೋಟಾರು. ಮೂರು ಫೇಸಿನದು. ಮನೆಗೆ ಹೆಸ್ಕಾಂ ಕೊಡುವುದು ಒಂದೇ ಫೇಸು, 230 ವೋಲ್ಟು. ಇದನ್ನು ಓಡಿಸಲು ಮತ್ತೊಂದು ಸಾಧನ ಕೊಳ್ಳಬೇಕು. ಮೂಗಿಗಿಂತ ಮೂಗುತಿ ಭಾರ. ಮೂರನೆಯದು ಬಟ್ಟೆ ಒಗೆಯುವ ಯಂತ್ರದ್ದು. ಮೈಯೆಲ್ಲ ತೆರೆದಿದ್ದು ಒಳಗಿನ ತಂತಿ ಕಾಣುತ್ತಿತ್ತು. ಕಲ್ಲಿನ ಕೆಸರು ಅದರೊಳಗೆ ಹೊಕ್ಕರೆ ಮುಗಿಯಿತು.

ಮಿಕ್ಸಿಯ ಮೋಟಾರು ಸತ್ತದ್ದು ಯಾಕೆಂಬುದೂ ಇಲ್ಲಿಯೇ ತಿಳಿಯಿತು. ಅದು ಕಾರ್ಬನ್ ಬ್ರಶ್ಶಿನ ಮೋಟಾರು. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು. ಚಟ್ನಿ ಅರೆಯುವ ಕೆಲಸ ಐದು ನಿಮಿಷದ್ದು. ಕಲ್ಲು ಅರೆಯುವ ಕೆಲಸ ಐದು ತಾಸಿನದು. ಬಿಡುವು ಕೊಡದೆ ದುಡಿಸಿದರೆ ಅದು ಸಾಯದೆ ಏನು ಮಾಡೀತು?

ಅಷ್ಟರಲ್ಲಿ ಅಂಗಡಿಯವನು ಒಳಗಿನಿಂದ ಹೊಳೆಯುವ ಮೋಟಾರೊಂದನ್ನು ತಂದಿಟ್ಟ.

"ತಗೋರಿ ಯಜಮಾನ್ರ, ಒಂದ್ ಎಚ್.ಪಿ. ಸಿಂಗಲ್ ಫೇಸ್. ಎರಡ ಸಾವಿರದ ಎಂಟನೂರಾ ಎಂಬತ್ತ ಸುತ್ತ. ಗಾಳಿ ಹಂಗ ಓಡ್ತೈತಿ."

ಪತ್ತಾರರ ಕಣ್ಣು ಅರಳಿತು. ಹುಡುಗ ಮೆಲ್ಲಗೆ ಅವರ ತೋಳು ಹಿಡಿದ.

"ಮಾಮಾ, ಗಾಳಿ ಹಂಗ ಓಡೋದು ನಮಗ ಬ್ಯಾಡ್ರಿ. ಎತ್ತಿನ ಹಂಗ ನಡಿಯೋದು ಬೇಕು."

"ಜೋರ ತಿರುಗಿದ್ರ ಕೆಲಸ ಲಗೂನ ಆಗೂದಿಲ್ಲೇನೋ ತಮ್ಮಾ?"

"ಲಗೂನ ಆಗ್ತೈತ್ರಿ. ಚಕ್ರಾನೂ ಲಗೂನ ಒಡೀತೈತಿ."

ಹುಡುಗನ ಮಾತಿನ ಹಿಂದೆ ಲೆಕ್ಕವಿತ್ತು. ಪತ್ತಾರರ ಪರಿಚಯದವರೊಬ್ಬರು ಹತ್ತು ಇಂಚಿನ ಹಳೆಯ ಚಕ್ರವೊಂದನ್ನು ಪುಕ್ಕಟೆ ಕೊಡಲು ಒಪ್ಪಿದ್ದರು. ಅದನ್ನು ನಿಮಿಷಕ್ಕೆ 2,880 ಸುತ್ತು ತಿರುಗಿಸಿದರೆ ಚಕ್ರದ ಅಂಚು ಸೆಕೆಂಡಿಗೆ 38 ಮೀಟರ್ ವೇಗದಲ್ಲಿ ಓಡುತ್ತದೆ. ಸಾಮಾನ್ಯ ಸಾಣೆಚಕ್ರಗಳ ಮಿತಿ ಸುಮಾರು 33 ಮೀಟರ್. ಅಲ್ಲದೆ ವೇಗ ಎರಡು ಪಟ್ಟಾದರೆ ಚಕ್ರವನ್ನು ಸೀಳುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ತಿರುಗುತ್ತಿರುವ ಚಕ್ರ ಒಡೆದರೆ ಅದರ ಚೂರು ಬಂದೂಕಿನ ಗುಂಡಿದ್ದಂತೆ.

ಖಂಬಾತಿನ ಪಾಠ

ವೇಗದ ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದಲ್ಲ. ಗುಜರಾತಿನ ಖಂಬಾತ್ ಅಗೇಟ್ ಕೆಲಸಕ್ಕೆ ಶತಮಾನಗಳಿಂದ ಹೆಸರಾದ ಊರು. ಅಲ್ಲಿಯ ಕುಶಲಿಗರು ಹಿಂದೆ ಕೈಯಿಂದ ಕಮಾನು ಎಳೆದು ಸಾಣೆ ತಿರುಗಿಸುತ್ತಿದ್ದರು. ವಿದ್ಯುತ್ ಮೋಟಾರು ಬಂದಾಗ ಕೆಲಸ ಹಲವು ಪಟ್ಟಾಯಿತು. ಜೊತೆಗೆ ಧೂಳೂ ಹಲವು ಪಟ್ಟಾಯಿತು. ಅಗೇಟ್, ಜಾಸ್ಪರ್ ಎಲ್ಲ ಸಿಲಿಕಾ. ಅದರ ಅತಿ ಸಣ್ಣ ಕಣಗಳು ಕಣ್ಣಿಗೆ ಕಾಣದಂತೆ ಗಾಳಿಯಲ್ಲಿ ತೇಲಿ, ಮೂಗಿನ ಕಾವಲು ದಾಟಿ ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಅಲ್ಲಿ ಗಾಯ ಮಾಡಿ, ಗಾಯ ಗಂಟಾಗಿ, ಉಸಿರಾಡುವ ಜಾಗವನ್ನೇ ಕಡಿಮೆ ಮಾಡುತ್ತವೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ. ಕ್ಷಯ ಹತ್ತಿಕೊಳ್ಳುವ ಸಂಭವವೂ ಹೆಚ್ಚು. ಖಂಬಾತಿನ ಸಾಣೆಗಾರರಲ್ಲಿ ಈ ರೋಗ ವ್ಯಾಪಕವಾಗಿ ಕಂಡುಬಂದಿದೆ. ಕಲ್ಲು ತಿಕ್ಕದಿದ್ದರೂ ಅದೇ ಮನೆಯಲ್ಲಿ, ಅದೇ ಓಣಿಯಲ್ಲಿ ಬಾಳುವವರನ್ನೂ ಅದು ಬಿಟ್ಟಿಲ್ಲ.

ಇದಕ್ಕೆ ಮುಖ್ಯ ಕಾವಲು ನೀರು. ಕಲ್ಲು ಚಕ್ರಕ್ಕೆ ತಾಗುವಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಬಹುಪಾಲು ಧೂಳು ಗಾಳಿಗೆ ಏರದೆ ಕೆಸರಾಗಿ ಇಳಿಯುತ್ತದೆ. ಕಲ್ಲೂ ಕಾಯ್ದು ಬಿರುಕು ಬಿಡುವುದಿಲ್ಲ. ಆದರೆ ನೀರು ಮತ್ತು ವಿದ್ಯುತ್ತು ಹಾವು ಮುಂಗುಸಿಯಂತೆ. ಆದ್ದರಿಂದಲೇ ಈ ಕೆಲಸಕ್ಕೆ ಬೇಕಾದ ಮೋಟಾರಿನ ಲಕ್ಷಣ ಇಷ್ಟು ನಿರ್ದಿಷ್ಟ: ಮೈ ಪೂರ್ತಿ ಮುಚ್ಚಿರಬೇಕು, ಹಿಂಬದಿಯ ಫ್ಯಾನು ಹೊರಗಿನಿಂದಲೇ ಅದನ್ನು ತಂಪು ಮಾಡಬೇಕು, ಸಿಂಗಲ್ ಫೇಸ್ ಇರಬೇಕು, ಬಿಡುವಿಲ್ಲದೆ ಓಡಬಲ್ಲದ್ದಾಗಿರಬೇಕು, ಸುತ್ತು 1,440 ಇರಬೇಕು. ಆರು ಇಂಚಿನ ಚಕ್ರಕ್ಕೆ ಅರ್ಧ ಅಶ್ವಶಕ್ತಿ ಧಾರಾಳ.

ಸುತ್ತಿನ ವಿಷಯದಲ್ಲಿ ಓದುಗರು ಒಂದು ಎಚ್ಚರಿಕೆ ಗಮನಿಸಬೇಕು. ಹರಳು ಕೆಲಸದ ಅಮೆರಿಕದ ಪುಸ್ತಕಗಳಲ್ಲಿ ಮೋಟಾರಿನ ವೇಗ 1,725 ಎಂದಿರುತ್ತದೆ. ಅಲ್ಲಿಯ ವಿದ್ಯುತ್ತು ಸೆಕೆಂಡಿಗೆ 60 ಆವರ್ತದ್ದು, ನಮ್ಮದು 50. ಅದೇ ಬಗೆಯ ಮೋಟಾರು ಇಲ್ಲಿ 1,440 ಸುತ್ತುತ್ತದೆ. ಪುಸ್ತಕದ ಪುಲ್ಲಿಯ ಅಳತೆಯನ್ನು ಹಾಗೆಯೇ ನಕಲು ಮಾಡಿದರೆ ಲೆಕ್ಕ ತಪ್ಪುತ್ತದೆ.

ಇಡ್ಲಿ ಹಿಟ್ಟಿನ ನೆಂಟ

ನಾಲ್ಕನೆಯ ಅಂಗಡಿಯಲ್ಲಿ, ಮುರಿದ ತಕ್ಕಡಿ ಮತ್ತು ತುಕ್ಕು ಹಿಡಿದ ಕಡಾಯಿಗಳ ಸಂದಿಯಲ್ಲಿ ಅದು ಬಿದ್ದಿತ್ತು. ಯಾವುದೋ ಹೊಟೇಲಿನ ಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರು. ರೆಕ್ಕೆಗಳ ನಡುವೆ ಒಣಗಿದ ಹಿಟ್ಟು ಸುಣ್ಣದಂತೆ ಅಂಟಿತ್ತು. ಕಂಪನಿಯ ಹೆಸರು ಅಳಿಸಿಹೋಗಿತ್ತು. ಅಂಕಿಗಳು ಮಾತ್ರ ಉಳಿದಿದ್ದವು. ಅರ್ಧ ಎಚ್.ಪಿ., 230 ವೋಲ್ಟು, ಒಂದು ಫೇಸು, 1,440.

"ಮಾಮಾ, ಇದು ನೀರಿನ ಮಗ್ಗಲದಾಗ ಬಾಳೇ ಮಾಡಿದ್ದು," ಎಂದ ಹುಡುಗ.

ಶಾಫ್ಟನ್ನು ಬೆರಳಿನಿಂದ ತಿರುಗಿಸಿ ನೋಡಿದ, ಎಲ್ಲಿಯೂ ತಡೆಯಲಿಲ್ಲ. ಮೇಲೆ ಕೆಳಗೆ ಅಲುಗಿಸಿದ, ಬಹಳ ಸಡಿಲವಿರಲಿಲ್ಲ. ತಂತಿಯ ಡಬ್ಬಿ ಬಿಚ್ಚಿ ಮೂಗಿಟ್ಟು ನೋಡಿದ. ಸುಟ್ಟ ವಾಸನೆ ಬರಲಿಲ್ಲ. ಅಂಗಡಿಯವನು ಎರಡೂವರೆ ಸಾವಿರ ಹೇಳಿದ. ಪತ್ತಾರರು ತಾಮ್ರದ ತೂಕದ ಲೆಕ್ಕ ಎತ್ತಿದರು. ತೂಕದ ವ್ಯವಹಾರದಲ್ಲಿ ಪತ್ತಾರರನ್ನು ಮೀರಿಸುವವರಾರು? ಕೊನೆಗೆ ಸಾವಿರದ ಎಂಟುನೂರಕ್ಕೆ ಬಂತು. ಒಂದೇ ಷರತ್ತು: ವೈಂಡಿಂಗ್ ಮಿಸ್ತ್ರಿ ನೋಡಿ ಒಪ್ಪದಿದ್ದರೆ ಮರಳಿ ತರುವುದು. ಐದುನೂರು ಮುಂಗಡ ಕೊಟ್ಟು ಮೋಟಾರನ್ನು ಗೋಣಿಚೀಲದಲ್ಲಿ ಹೊತ್ತು ನಡೆದರು.

ಮಿಸ್ತ್ರಿಯ ಅಂಗಡಿ ಹತ್ತಡಿ ಉದ್ದ, ಆರಡಿ ಅಗಲ. ಗೋಡೆಗೆ ಕಟ್ಟಿಗೆಯ ಅಚ್ಚುಗಳು, ಕೆಂಪು ತಾಮ್ರದ ತಂತಿಯ ಸುರುಳಿಗಳು. ಮೇಜಿನ ಮೇಲೆ ಎಣ್ಣೆ ಕುಡಿದ ಒಂದು ನೋಟುಬುಕ್ಕು. ಯಾವ ಮೋಟಾರಿಗೆ ಯಾವ ಗೇಜಿನ ತಂತಿ, ಎಷ್ಟು ಸುತ್ತು ಎಂಬ ಲೆಕ್ಕವೆಲ್ಲ ಅದರಲ್ಲಿ. ಇಂಥ ನೋಟುಬುಕ್ಕು ವೈಂಡರನ ಆಸ್ತಿ. ಅಂಗಡಿಯ ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟಾರು, ಇದನ್ನು ಕೊಡಲಾರರು.

ಮಿಸ್ತ್ರಿ ಮೊದಲು ತಂತಿಯ ತುದಿಯನ್ನು ಚಾಕುವಿನಿಂದ ಕೆರೆದರು. ಕೆಂಪು ಹೊಳೆಯಿತು. "ತಾಂಬ್ರಾನ ಐತಿ, ಅಲ್ಯೂಮಿನಿಯಂ ಅಲ್ಲ" ಎಂದರು. ಆಮೇಲೆ ಮೆಗ್ಗರಿನ ಒಂದು ತಂತಿ ಸುರುಳಿಗೆ, ಇನ್ನೊಂದು ಮೋಟಾರಿನ ಮೈಗೆ ಹಚ್ಚಿ ಹಿಡಿಕೆ ತಿರುಗಿಸಿದರು. ಒಳಗಿನ ವಿದ್ಯುತ್ತು ಮೈಗೆ ಸೋರುತ್ತದೆಯೇ ಎಂದು ಹೇಳುವ ಪರೀಕ್ಷೆ ಇದು. 500 ವೋಲ್ಟಿನ ಮೆಗ್ಗರಿನಲ್ಲಿ ಕನಿಷ್ಠ ಒಂದು ಮೆಗಾಓಮ್ ತೋರಿಸಬೇಕು. ಮುಳ್ಳು ಅರ್ಧಕ್ಕೂ ಏರಲಿಲ್ಲ.

ಪತ್ತಾರರ ಮುಖ ಬಾಡಿತು. "ಹೋತೇನ್ರಿ ಮಿಸ್ತ್ರಿ?"

"ಗಡಬಡ ಮಾಡಬ್ಯಾಡ್ರಿ ಪತ್ತಾರ್ರ. ಮಳಿಗಾಲದಾಗ ಹೊರಗ ಬಿದ್ದೈತಿ, ಥಂಡಿ ಹಿಡದೈತಿ. ಎರಡ ದಿನಾ ಬೆಚ್ಚಗ ಇಡೋಣು. ಆಮ್ಯಾಲ ನೋಡೋಣು."

ಮೋಟಾರನ್ನು ಬಿಚ್ಚಿ, ಸುರುಳಿಯ ನಡುವೆ ದೊಡ್ಡ ಬಲ್ಬು ಇಳಿಬಿಟ್ಟು, ಮೇಲೆ ಡಬ್ಬ ಮುಚ್ಚಿದರು. ಚಳಿಯಲ್ಲಿ ಬಾಣಂತಿಯ ಕೋಣೆಗೆ ಕೆಂಡ ಇಟ್ಟಂತೆ.

ಮೂರನೆಯ ದಿನ ಮಾಮಾ, ಅಳಿಯ ಮತ್ತೆ ಬಂದರು. ಮಿಸ್ತ್ರಿ ಮಾತಾಡದೆ ಮೆಗ್ಗರ್ ಹಚ್ಚಿ ಹಿಡಿಕೆ ತಿರುಗಿಸಿದರು. ಮುಳ್ಳು ಇಪ್ಪತ್ತು ದಾಟಿ ನಿಂತಿತು. ಒಳಗೆ ಹೊಸ ವಾರ್ನಿಷ್ ಹೊಯ್ದು ಒಣಗಿಸಿ, ಎರಡೂ ಬೇರಿಂಗ್ ಬದಲಿಸಿ, ಹೊಸ ಕಂಡೆನ್ಸರ್ ಹಾಕಿ ಮೋಟಾರನ್ನು ಚಾಲೂ ಮಾಡಿದರು. ಗುಂಯ್‌ಗುಡುತ್ತ ಎದ್ದಿತು. ಸ್ವಿಚ್ ತೆಗೆದಾಗ ವೇಗ ಇಳಿಯುತ್ತ ಬಂದು ಒಳಗಿನಿಂದ 'ಟಕ್' ಎಂಬ ಸದ್ದು ಕೇಳಿತು. "ಕೇಳಿದ್ರೇನು? ಸ್ಟಾರ್ಟಿಂಗ್ ಸ್ವಿಚ್ ಜೀವಂತ ಐತಿ" ಎಂದರು ಮಿಸ್ತ್ರಿ. ಎಲ್ಲ ಸೇರಿ ಕೂಲಿ ಒಂಬೈನೂರು. ಗುಜರಿಯವನ ಬಾಕಿ ತೀರಿಸಿದ ಮೇಲೆ ಒಳಜೇಬಿನಲ್ಲಿ ಬಸ್ಸಿನ ಚಾರ್ಜು ಉಳಿದಿತ್ತು.

ಹೊರಡುವಾಗ ಮಿಸ್ತ್ರಿ ಮತ್ತೊಮ್ಮೆ ಕರೆದು ಹೇಳಿದರು: "ಮೋಟಾರಿನ ಮೈಗೆ ಅರ್ಥಿಂಗ್ ತಪ್ಪಸಬ್ಯಾಡ್ರಿ. ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸ್ರಿ. ನನ್ನ ಕೂಲಿ ಬಿಟ್ರೂ ಬಿಟ್ಟೇನು, ಇದನ್ನ ಮಾತ್ರ ಬಿಡಬ್ಯಾಡ್ರಿ."

ಕೆಂಪು ಪಟ್ಟೆ ಮೂಡಿದ ದಿನ

ಧಾರವಾಡದ ಮನೆಯ ಹಿತ್ತಲಲ್ಲಿ ಈಗ ಆ ಮೋಟಾರು ಕಟ್ಟಿಗೆಯ ಪೀಠದ ಮೇಲೆ ಕೂತಿದೆ. ಚಕ್ರದಿಂದ ಎರಡಡಿ ದೂರ, ನಡುವೆ ಒಂದು ತಗಡಿನ ಮರೆ. ಅಲ್ಲಿಂದ ಬೆಲ್ಟು ಸಾಣೆಯ ಶಾಫ್ಟಿಗೆ. ಬೆಲ್ಟಿಗೆ ಕೈ ಸಿಗದಂತೆ ಜಾಳಿಗೆ, ಚಕ್ರಕ್ಕೆ ಗಟ್ಟಿ ಕವಚ. ಮೋಟಾರಿನ ಮೂರಿಂಚಿನ ಪುಲ್ಲಿಯಿಂದ ಶಾಫ್ಟಿನ ಎರಡಿಂಚಿನ ಪುಲ್ಲಿಗೆ ಬೆಲ್ಟು ಹಾಕಿದರೆ 2,160 ಸುತ್ತು. ಆರು ಇಂಚಿನ ಹೊಸ ಚಕ್ರಕ್ಕೆ ಅದು ಸೆಕೆಂಡಿಗೆ 17 ಮೀಟರ್, ಮಿತಿಯ ಅರ್ಧದಷ್ಟು. ಎರಡಿಂಚಿನಿಂದ ನಾಲ್ಕಿಂಚಿಗೆ ಹಾಕಿದರೆ 720. ಕೊನೆಯ ಮೆರುಗಿಗೆ ಅಷ್ಟು ನಿಧಾನವೇ ಬೇಕು. ಪುಕ್ಕಟೆಯ ಹತ್ತು ಇಂಚಿನ ಚಕ್ರವನ್ನು ಪತ್ತಾರರು ಬೇಡವೆಂದರು. ಹಳೆಯ ಚಕ್ರದಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದರೆ ಯಾರು ಬಲ್ಲರು?

ಚಕ್ರದ ಮೇಲೆ ಒಂದು ಸಲೈನ್ ಬಾಟಲಿ ತೂಗಾಡುತ್ತದೆ. ಔಷಧದ ಅಂಗಡಿಯಿಂದ ತಂದ ಹೊಸ ಕೊಳವೆ. ಅದರ ಗಾಲಿ ತಿರುಗಿಸಿದರೆ ನೀರಿನ ಹನಿ ಹೆಚ್ಚು ಕಡಿಮೆ ಆಗುತ್ತದೆ. ಕೆಳಗೆ ತಟ್ಟೆಯಲ್ಲಿ ಕೆಂಪು ಕೆಸರು ಕೂಡುತ್ತದೆ. ಅದು ಒಣಗಿದರೆ ಮತ್ತೆ ಧೂಳೇ. ಆದ್ದರಿಂದ ದಿನವೂ ಹಸಿಯಿರುವಾಗಲೇ ಬಳಿದು ತೆಗೆಯಬೇಕು, ಕಸಬರಿಗೆ ಮುಟ್ಟಿಸಬಾರದು. ನೀರಿದ್ದರೂ ಪತ್ತಾರರು ಮೂಗಿನ ಮೇಲಿನ ಮಾಸ್ಕು ತೆಗೆಯುವುದಿಲ್ಲ.

ಮೊದಲ ದಿನ ಚೀಲದ ನಾಲ್ಕು ಕಲ್ಲುಗಳಲ್ಲಿ ಒಂದನ್ನು ಹಿಡಿದರು. ಹೊರಗೆ ತುಕ್ಕಿನ ಬಣ್ಣದ ಬರಡು ಸಿಪ್ಪೆ. ಅರ್ಧ ತಾಸಿನ ಮೇಲೆ ಒಳಗಿನ ಕೆಂಪು ಕಂಡಿತು. ಮತ್ತೆ ಅರ್ಧ ತಾಸಿಗೆ ಕೆಂಪಿನ ನಡುವೆ ಉಕ್ಕಿನ ಹೊಳಪಿನ ಕಪ್ಪು ಪಟ್ಟೆಗಳು ಮೂಡಿದವು. ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಯಾವುದೋ ಸಮುದ್ರದ ತಳದಲ್ಲಿ ಪದರ ಪದರವಾಗಿ ಇಳಿದ ಕಬ್ಬಿಣವನ್ನು ಇಡ್ಲಿ ಹಿಟ್ಟು ರುಬ್ಬಿದ ಮೋಟಾರು ಬೆಳಕಿಗೆ ತಂದಿತ್ತು.

ಪತ್ತಾರರು ಸ್ವಿಚ್ ಆರಿಸಿದರು. ಚಕ್ರ ನಿಧಾನವಾಗಿ, ಎತ್ತು ಕೊಟ್ಟಿಗೆಗೆ ಬಂದಂತೆ ನಿಲ್ಲುತ್ತ ಬಂತು. ಟಕ್ ಎಂದಿತು. ಅವರು ಮಾಸ್ಕು ಇಳಿಸಿ ಒಮ್ಮೆ ದೀರ್ಘವಾಗಿ ಉಸಿರೆಳೆದು ನೋಡಿದರು. ಕೆಮ್ಮು ಬರಲಿಲ್ಲ.